ಗೋಡೆ ಒರೆಸಿದರೂ ಇರುವೆ ಹಳೆ ಜಾಗಕ್ಕೇ ಯಾಕೆ ಬರುತ್ತದೆ?

ಪ್ರಶ್ನೆ: ನಮ್ಮದು ಗುಬ್ಬಿ ತಾಲ್ಲೂಕು, ಚೇಳೂರಿನ ಹತ್ತಿರದ ಹಳ್ಳಿ. ಅಡುಗೆಮನೆ ಶೆಲ್ಫಿನಲ್ಲಿ ಬೆಲ್ಲದ ಡಬ್ಬಿ ಇತ್ತು. ಅದಕ್ಕೆ ಸಣ್ಣ ಇರುವೆ ಸಾಲುಗಟ್ಟಿ ಬಂದವು. ಡಬ್ಬಿ ಬೇರೆ ಕಡೆ ಇಟ್ಟು, ಗೋಡೆ, ಶೆಲ್ಫು ಎಲ್ಲ ಸೋಪಿನ ನೀರಲ್ಲಿ ಒರೆಸಿದೆ. ಆದರೂ ಎರಡು ದಿನ ಒಂದಷ್ಟು ಇರುವೆ ಅದೇ ಶೆಲ್ಫಿಗೆ ಬಂದು, ಡಬ್ಬಿ ಇದ್ದ ಜಾಗದಲ್ಲೇ ಸುತ್ತಾಡಿ ಹೋದವು. ಇಷ್ಟು ಸಣ್ಣ ಜೀವಕ್ಕೆ ನೆನಪಿರುತ್ತಾ? ಎಂಟನೇ ಕ್ಲಾಸಿನ ನನ್ನ ಮಗನದು ಇನ್ನೊಂದು ಪ್ರಶ್ನೆ: ಸಾಲಿನ ಮೇಲೆ ಬೆರಳು ಎಳೆದರೆ ಅವು ಯಾಕೆ ಗಲಿಬಿಲಿ ಆಗುತ್ತವೆ? ಅರಿಶಿನದ ಗೆರೆ ನಿಜವಾಗಿಯೂ ತಡೆಯುತ್ತಾ ಅನ್ನೋದನ್ನೂ ತಿಳಿಸಿ.

ಉತ್ತರ: ನೆನಪಿರುತ್ತದೆ. ನೀವು ಒರೆಸಿದ್ದು ಗೋಡೆ ಮೇಲಿನ ವಾಸನೆಯನ್ನು. ಇರುವೆಯ ತಲೆಯೊಳಗೆ ಕೂತ ವಾಸನೆಗೆ ನಿಮ್ಮ ಸೋಪಿನ ನೀರು ತಾಗಿಲ್ಲ.

ಇಲ್ಲಿ ಎರಡು ಬೇರೆ ಬೇರೆ ವಾಸನೆಗಳಿವೆ. ಒಂದು, ಇರುವೆಗಳೇ ನೆಲಕ್ಕೆ ಹಚ್ಚುವ ದಾರಿಯ ವಾಸನೆ. ಇನ್ನೊಂದು, ಬೆಲ್ಲದ್ದೋ ಕೊಬ್ಬರಿಯದೋ ಹಲಸಿನದೋ, ಆಹಾರದ ವಾಸನೆ. ಮೊದಲನೆಯದನ್ನು ಇರುವೆ ಕಲಿಯಬೇಕಾಗಿಲ್ಲ, ಅದನ್ನು ಹಿಡಿದು ನಡೆಯುವ ಗುಣ ಹುಟ್ಟಿನಿಂದಲೇ ಬಂದಿರುತ್ತದೆ. ಎರಡನೆಯದನ್ನು ಒಂದೊಂದು ಇರುವೆಯೂ ತಾನೇ ಕಲಿಯಬೇಕು. ಸಾಲು ನೋಡಿದಾಗ ನಮಗೆ ಮೊದಲನೆಯದಷ್ಟೇ ಹೊಳೆಯುತ್ತದೆ. ಇರುವೆ ಅಂದರೆ ಕುರಿ ಹಿಂಡಿನ ಹಾಗೆ, ಮುಂದಿನದು ಹೋದ ಕಡೆ ಹಿಂದಿನದೂ ಹೋಗುತ್ತದೆ ಅಂತ ಅಂದುಕೊಳ್ಳುತ್ತೇವೆ. ನಾನೂ ತುಂಬಾ ವರ್ಷ ಪ್ರಾಣಿಶಾಸ್ತ್ರದ ತರಗತಿಯಲ್ಲಿ ಹಾಗೇ ಪಾಠ ಮಾಡಿದ್ದೇನೆ. ಅದು ಅರ್ಧ ಮಾತ್ರ ಸರಿ. ಉಳಿದ ಅರ್ಧವನ್ನು ನೀವು ನಿಮ್ಮ ಶೆಲ್ಫಿನ ಮೇಲೆ ಕಣ್ಣಾರೆ ನೋಡಿದ್ದೀರಿ.

ಮೊದಲು ನಿಮ್ಮ ಮಗನ ಬೆರಳಿನ ವಿಷಯ. ಅವನು ಮಾಡಿದ್ದು ತುಂಬಾ ಹಳೆಯ, ತುಂಬಾ ಒಳ್ಳೆಯ ಪ್ರಯೋಗ. 18ನೇ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಶಾರ್ಲ್ ಬಾನೆ ಎಂಬ ವಿಜ್ಞಾನಿ ಇದನ್ನೇ ಮಾಡಿದ್ದರು. ಇರುವೆ ಸಾಲಿಗೆ ಅಡ್ಡವಾಗಿ ಬೆರಳು ಉಜ್ಜಿದರು. ಇರುವೆಗಳು ಅಲ್ಲಿ ಬಂದು ನಿಂತವು, ಹಿಂದೆ ಮುಂದೆ ತಡಕಾಡಿದವು. ಕಣ್ಣಿನಿಂದ ದಾರಿ ನೋಡುತ್ತಿದ್ದರೆ ಹಾಗೆ ನಿಲ್ಲಬೇಕಾಗಿರಲಿಲ್ಲ, ಅಲ್ವಾ? ದಾರಿ ಎಂಬುದು ನೆಲಕ್ಕೆ ಅಂಟಿದ ವಾಸನೆ ಅನ್ನೋದು ಅಲ್ಲಿಂದ ಹೊಳೆಯಿತು.

ಆ ವಾಸನೆ ಎಲ್ಲಿಂದ ಬರುತ್ತದೆ ಎಂದು ತೋರಿಸಿದವರು ಅಮೆರಿಕದ ಇ. ಒ. ವಿಲ್ಸನ್. ಬೆಂಕಿ ಇರುವೆಯ ಹೊಟ್ಟೆಯ ತುದಿಯಲ್ಲಿ, ಕೊಂಡಿಯ ಪಕ್ಕದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಯೊಂದಿದೆ. ಅವರು ಅದನ್ನು ಬಿಡಿಸಿ ತೆಗೆದು, ಅರೆದು, ಗೂಡಿನಿಂದ ಒಂದು ಗೆರೆ ಎಳೆದರು. ಇರುವೆಗಳು ಗೂಡು ಬಿಟ್ಟು ಆ ಗೆರೆ ಮೇಲೆ ನಡೆದವು. ಗೆರೆಯ ಕೊನೆಯಲ್ಲಿ ತಿನ್ನಲು ಏನೂ ಇರಲಿಲ್ಲ. ಇದನ್ನು ಅವರು ಪ್ರಕಟಿಸಿದ್ದು 1959ರಲ್ಲಿ. ಈ ಬಗೆಯ ರಸಕ್ಕೆ ಫೆರೊಮೋನ್ ಎಂಬ ಹೆಸರು ಬಂದದ್ದೂ ಅದೇ ವರ್ಷ. ಎಷ್ಟು ರಸ ಬೇಕು ಅಂತ ಕೇಳಿದರೆ ನಂಬೋದು ಕಷ್ಟ. ಎಲೆ ಕತ್ತರಿಸುವ ಒಂದು ಜಾತಿಯ ಇರುವೆಯ ದಾರಿಯ ರಸವನ್ನು 1971ರಲ್ಲಿ ಗುರುತಿಸಿದರು. ಅದರ 0.33 ಮಿಲಿಗ್ರಾಂ ಇದ್ದರೆ ಭೂಮಿಯನ್ನು ಒಂದು ಸುತ್ತು ಬರುವಷ್ಟು ದಾರಿ ಬರೆಯಬಹುದು ಎಂದು ಲೆಕ್ಕ ಹಾಕಿದರು.

ಈ ವಾಸನೆ ಬೇಗ ಆರಿಹೋಗುತ್ತದೆ. ಕೆಲವು ಜಾತಿಗಳಲ್ಲಿ ಒಂದು ಗಂಟೆಯೂ ಉಳಿಯುವುದಿಲ್ಲ. ಅದೇ ಅದರ ಗುಣ. ಬೆಲ್ಲ ಸಿಕ್ಕ ಇರುವೆ ಗೂಡಿಗೆ ಹಿಂದಿರುಗುವಾಗ ಹೊಟ್ಟೆಯ ತುದಿಯನ್ನು ನೆಲಕ್ಕೆ ತಾಗಿಸುತ್ತಾ ಬರುತ್ತದೆ. ಸಿಹಿ ಜಾಸ್ತಿ ಇದ್ದರೆ ಜಾಸ್ತಿ ಸಲ ತಾಗಿಸುತ್ತದೆ. ಬಂದವರೆಲ್ಲ ಹೊಟ್ಟೆ ತುಂಬಿಸಿಕೊಂಡು ಹಚ್ಚುತ್ತಾ ಹೋದರೆ ದಾರಿ ಗಟ್ಟಿಯಾಗುತ್ತದೆ. ಆಹಾರ ಮುಗಿದರೆ ಹಚ್ಚುವವರಿಲ್ಲ, ದಾರಿ ತಾನಾಗೇ ಅಳಿಸುತ್ತದೆ. ಊರಿನ ಕಾಲುದಾರಿಯೂ ಹೀಗೇ ತಾನೆ? ಜನ ನಡೆದಷ್ಟು ದಿನ ದಾರಿ, ಬಿಟ್ಟರೆ ಹುಲ್ಲು. ಇನ್ನೂ ಒಂದು ಸೊಗಸು ಇದೆ. ಆಸ್ಪತ್ರೆ, ಮನೆ ಎಲ್ಲ ಕಡೆ ಸೇರಿಕೊಳ್ಳುವ ಫೇರೋ ಇರುವೆ ಎಂಬ ಸಣ್ಣ ಹಳದಿ ಜಾತಿ, ಆಹಾರ ಇಲ್ಲದ ಕವಲಿನ ಬಾಯಲ್ಲಿ ‘ಈ ಕಡೆ ಬರಬೇಡಿ’ ಅನ್ನುವ ಬೇರೆಯದೇ ವಾಸನೆ ಹಚ್ಚುತ್ತದೆ. ಇಂಗ್ಲೆಂಡಿನ ಸಂಶೋಧಕರು 2005ರಲ್ಲಿ ಇದನ್ನು ತೋರಿಸಿದರು.

ಇಷ್ಟು ಮೊದಲ ವಾಸನೆಯ ಕತೆ. ನೀವು ಸೋಪು ಹಾಕಿ ತೊಳೆದಿರಿ ಅಂದರೆ ಇದಿಷ್ಟನ್ನೂ ಅಳಿಸಿದಿರಿ. ಆಮೇಲೂ ಬಂದವಲ್ಲ, ಅವುಗಳ ವಿಷಯ ಈಗ.

ಸಾಧ್ಯವಾದರೆ ಒಂದು ಭೂತಗನ್ನಡಿ ತನ್ನಿ. ಹೊಂಗೆ ಮರದ ಬುಡದಲ್ಲೋ ಹುಣಸೆ ಬುಡದಲ್ಲೋ ಗೊದ್ದ ಸಿಕ್ಕೇ ಸಿಗುತ್ತದೆ. ದೊಡ್ಡದು, ಕಪ್ಪು, ನೋಡಲು ಸುಲಭ. ಅದರ ಎರಡು ಮೀಸೆ ನೋಡಿ. ನಮ್ಮ ಮೊಣಕೈ ತರಹ ಮಧ್ಯದಲ್ಲಿ ಮಡಚಿರುತ್ತವೆ. ನಡೆಯುವಾಗ ಆ ಮೀಸೆ ಒಂದು ಕ್ಷಣವೂ ಸುಮ್ನೆ ಇರುವುದಿಲ್ಲ. ಒಮ್ಮೆ ನೆಲ, ಒಮ್ಮೆ ಗಾಳಿ, ಎಡಕ್ಕೆ, ಬಲಕ್ಕೆ. ಸ್ವಲ್ಪ ಹೊತ್ತು ಕಾಯಿರಿ. ಇರುವೆ ನಿಲ್ಲುತ್ತದೆ. ಮುಂಗಾಲನ್ನು ಎತ್ತಿ ಮೀಸೆಯನ್ನು ಅದರ ಸಂದಿಗೆ ಸಿಕ್ಕಿಸಿ ಬುಡದಿಂದ ತುದಿಯವರೆಗೆ ಎಳೆದುಕೊಳ್ಳುತ್ತದೆ. ಆಮೇಲೆ ಆ ಕಾಲನ್ನು ಬಾಯಲ್ಲಿ ಎಳೆದು ಚೊಕ್ಕ ಮಾಡುತ್ತದೆ. ಆ ಸಂದಿಯಲ್ಲಿ ಬಾಚಣಿಗೆಯಂಥ ಕೂದಲಿನ ಸಾಲಿದೆ. ಮೀಸೆ ತುಂಬಾ ಸಣ್ಣ ಸಣ್ಣ ರೋಮಗಳಿವೆ, ವಾಸನೆ ಹಿಡಿಯುವುದು ಅವೇ. ಅವುಗಳ ಮೇಲೆ ಧೂಳು ಜಿಡ್ಡು ಕೂತರೆ ಮೂಗು ಕಟ್ಟಿದ ಹಾಗೆ. ಅದಕ್ಕೇ ದಿನಕ್ಕೆ ಎಷ್ಟೋ ಸಲ ಈ ಬಾಚಣಿಗೆ ಕೆಲಸ ನಡೆಯುತ್ತದೆ.

ವಾಸನೆ ಗುರುತಿಸಲು ಹಣ್ಣಿನ ನೊಣಕ್ಕೆ ಸುಮಾರು 60 ಜೀನುಗಳಿವೆ, ಜೇನುನೊಣಕ್ಕೆ 170ರ ಆಸುಪಾಸು. ಇರುವೆಗಳಲ್ಲಿ ಹಲವು ಜಾತಿಗಳಿಗೆ 300ರಿಂದ 400 ಇವೆ. ಮನುಷ್ಯರಿಗೂ ಕೆಲಸ ಮಾಡುವಂಥವು ಸುಮಾರು 400. 2017ರಲ್ಲಿ ಎರಡು ತಂಡಗಳು ಈ ಎಲ್ಲ ಜೀನುಗಳಿಗೂ ಜೊತೆಯಾಗಿ ಬೇಕಾದ ಒಂದೇ ಒಂದು ಜೀನನ್ನು ಕೆಡಿಸಿ ಇರುವೆ ಬೆಳೆಸಿದವು. ಅದರಲ್ಲೊಂದು ನಮ್ಮ ದೇಶದ ಕಾಡುಗಳಲ್ಲಿರುವ ನೆಗೆಯುವ ಇರುವೆ. ಮೂಗಿಲ್ಲದ ಆ ಇರುವೆಗಳು ಜೊತೆಯವರ ಸಂಗಡ ಹೊಂದಿಕೊಳ್ಳಲಿಲ್ಲ, ಗೂಡು ಬಿಟ್ಟು ಅಲೆದವು. ವಾಸನೆ ಹೋಯಿತು ಅಂದರೆ ಇರುವೆಗೆ ಊರು, ಮನೆ, ನೆಂಟರು ಎಲ್ಲ ಹೋದ ಹಾಗೆ.

ಈಗ ಕಲಿಕೆಗೆ ಬರೋಣ. ಫ್ರಾನ್ಸಿನ ಸಂಶೋಧಕರು ಅಲ್ಲಿನ ಒಂದು ಕಪ್ಪು ಇರುವೆಗೆ ಒಂದು ವಾಸನೆ ತೋರಿಸಿ ಅದರ ಪಕ್ಕದಲ್ಲೇ ಒಂದು ಹನಿ ಸಕ್ಕರೆ ನೀರು ಇಟ್ಟರು. ಒಂದೇ ಸಲ. ಆಮೇಲೆ ಸಕ್ಕರೆ ತೆಗೆದು, ಬರೀ ವಾಸನೆ ಇಟ್ಟು ನೋಡಿದರು. ಇರುವೆ ಆ ವಾಸನೆಯ ಹತ್ತಿರವೇ ಹುಡುಕಾಡಿತು. ಬೇರೆ ವಾಸನೆಯ ಕಡೆ ಅಷ್ಟು ಹೊತ್ತು ಕಳೆಯಲಿಲ್ಲ. ಕಲಿಸಿದ ಪಾಠ ಮೂರು ದಿನ ಆದ ಮೇಲೂ ನೆನಪಿತ್ತು. ಸಕ್ಕರೆ ಸಿಗದೆ ಮತ್ತೆ ಮತ್ತೆ ನಿರಾಸೆಯಾದರೂ ಬೇಗ ಬಿಟ್ಟುಕೊಡಲಿಲ್ಲ. ಇದು 2019ರ ಕೆಲಸ. 2022ರಲ್ಲಿ ಅದೇ ತಂಡ ಇದೇ ಇರುವೆಗಳಿಗೆ ಪ್ರಯೋಗಾಲಯದಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ವಾಸನೆಯನ್ನು ಮೂರೇ ಪಾಠದಲ್ಲಿ ಕಲಿಸಿತು. ನಿಮ್ಮ ಶೆಲ್ಫಿಗೆ ಎರಡು ದಿನ ಬಂದ ಇರುವೆಗಳನ್ನು ಈ ಮೂರು ದಿನದ ಪಕ್ಕದಲ್ಲಿಟ್ಟು ನೋಡಿ.

ಆದರೆ ನಿಮ್ಮ ಶೆಲ್ಫಿನಲ್ಲಿ ಬೆಲ್ಲದ ವಾಸನೆಯೂ ತೊಳೆದು ಹೋಗಿತ್ತು ಎಂದು ನೀವು ಕೇಳಬಹುದು. ಸರಿಯಾದ ಮಾತು. ಇರುವೆ ಕಲಿಯುವುದು ಬರೀ ವಾಸನೆಯನ್ನಲ್ಲ, ಜಾಗವನ್ನೂ ಕಲಿಯುತ್ತದೆ. ಎಲ್ಲಿ ತಿರುಗಬೇಕು, ಎಲ್ಲಿ ಹತ್ತಬೇಕು ಎಂಬುದನ್ನೂ ನೆನಪಿಡುತ್ತದೆ. ಇದರಲ್ಲಿ ನನಗೆ ಬಹಳ ಇಷ್ಟವಾದ ಪ್ರಯೋಗ ಒಂದಿದೆ. ಯುರೋಪಿನ ತೋಟಗಳಲ್ಲಿರುವ ಕಪ್ಪು ಇರುವೆಗೆ ಟಿ ಆಕಾರದ ಕಾಗದದ ದಾರಿ ಮಾಡಿ, ಒಂದು ತೋಳಿನ ತುದಿಯಲ್ಲಿ ಸಕ್ಕರೆ ನೀರು ಇಟ್ಟರು. ಇರುವೆ ಕುಡಿದು ಗೂಡಿಗೆ ಹೋಯಿತು. ಅಷ್ಟರಲ್ಲಿ ಕಾಗದ ಬದಲಾಯಿಸಿ, ಆಹಾರ ಇಲ್ಲದ ತೋಳಿಗೆ ಅದರದೇ ಬಳಗದ ದಾರಿಯ ವಾಸನೆ ಹಚ್ಚಿದರು. ಈಗ ಇರುವೆ ಮರಳಿ ಬಂದು ಕವಲಿನಲ್ಲಿ ನಿಂತಿತು. ಬಲಕ್ಕೆ ಅದರ ಸ್ವಂತ ನೆನಪು. ಎಡಕ್ಕೆ ಊರೆಲ್ಲ ಹೇಳುವ ಮಾತು. ಬಹುಪಾಲು ಇರುವೆಗಳು ನೆನಪಿನ ಕಡೆಗೇ ತಿರುಗಿದವು. ಒಂದೇ ಸಲ ಹೋಗಿ ಬಂದಿದ್ದ ಇರುವೆಗಳೂ ಹಾಗೇ ಮಾಡಿದವು. ಇದು ಪ್ರಕಟವಾದದ್ದು 2011ರಲ್ಲಿ. ಎಲ್ಲ ಜಾತಿಯೂ ಹೀಗಲ್ಲ. ಅರ್ಜೆಂಟೀನಾ ಇರುವೆಯಂಥವು ನೆನಪಿಗಿಂತ ದಾರಿಯ ವಾಸನೆಯನ್ನೇ ಜಾಸ್ತಿ ನಂಬುತ್ತವೆ.

ಹಾಗಾದರೆ ದಾರಿಯ ವಾಸನೆ ಯಾರಿಗೆ? ದಾರಿ ಗೊತ್ತಿಲ್ಲದ ಹೊಸಬರಿಗೆ. ಅನುಭವ ಇರುವ ಇರುವೆ ಮಾತ್ರ ತನ್ನ ನೆನಪಿನ ಮೇಲೆ ನಡೆಯುತ್ತದೆ. ನೀವು ಒರೆಸಿದ ಮೇಲೆ ಸಾಲು ನಿಂತಿತು, ‘ಒಂದಷ್ಟು’ ಇರುವೆ ಮಾತ್ರ ಬಂದವು ಎಂದು ಬರೆದಿದ್ದೀರಿ. ನಿಮ್ಮ ಕಣ್ಣು ಸೂಕ್ಷ್ಮ. ಹೊಸಬರಿಗೆ ದಾರಿ ತಪ್ಪಿತ್ತು, ಹಿಂದೆ ಬೆಲ್ಲ ತಿಂದವು ಮಾತ್ರ ಹುಡುಕಿಕೊಂಡು ಬಂದವು.

ಇನ್ನು ಗೂಡಿನೊಳಗೆ ನಡೆಯುವ ಪಾಠ. ಇದನ್ನು ನೋಡಲು ಸಂಜೆ ಹೊತ್ತು ಗೊದ್ದಗಳ ದಾರಿಯ ಪಕ್ಕ ಕೂರಬೇಕು. ನಮ್ಮ ಕಡೆ ಜಾಲಿ ಗಿಡದ ಮೇಲೆ ಮುಳ್ಳಿನಂಥ ಬೆನ್ನಿನ ಸಣ್ಣ ಹುಳುಗಳು, ಅವರೆ ಗಿಡದ ಎಳೆ ಕುಡಿಯಲ್ಲಿ ಸಸ್ಯಹೇನುಗಳು ಇರುತ್ತವೆ. ಅವು ಸಿಹಿಯಾದ ಅಂಟು ಬಿಡುತ್ತವೆ. ಗೊದ್ದ ಅದನ್ನು ಕುಡಿದು ಕೆಳಗೆ ಬರುವಾಗ ಹೊಟ್ಟೆ ಉಬ್ಬಿರುತ್ತದೆ, ಹೊಟ್ಟೆಯ ಪಟ್ಟಿಗಳ ನಡುವಿನ ತೆಳು ಪೊರೆ ಹೊಳೆಯುತ್ತದೆ. ಎದುರಿಗೆ ಖಾಲಿ ಹೊಟ್ಟೆಯ ಇನ್ನೊಂದು ಬರುತ್ತದೆ. ಎರಡೂ ನಿಲ್ಲುತ್ತವೆ. ಹಸಿದದ್ದು ತನ್ನ ಮೀಸೆಯಿಂದ ಇನ್ನೊಂದರ ತಲೆಯನ್ನು ಪಟಪಟ ಬಡಿಯುತ್ತದೆ. ತುಂಬಿದ್ದು ದವಡೆ ಅಗಲಿಸಿ ಒಂದು ಹನಿಯನ್ನು ಬಾಯಿಗೆ ತರುತ್ತದೆ. ಬಾಯಿಗೆ ಬಾಯಿ ಕೊಟ್ಟು ನಿಂತು ಆ ಹನಿ ಕೈ ಬದಲಾಗುತ್ತದೆ. ಇರುವೆಗೆ ಎರಡು ಹೊಟ್ಟೆ. ಒಂದು ಸ್ವಂತಕ್ಕೆ, ಇನ್ನೊಂದು ಹಂಚಲಿಕ್ಕೆ. ಈ ಹನಿ ಬರುವುದು ಹಂಚುವ ಹೊಟ್ಟೆಯಿಂದ.

ಆ ಹನಿಯಲ್ಲಿ ಸಕ್ಕರೆ ಮಾತ್ರ ಇರುವುದಿಲ್ಲ, ಆಹಾರದ ವಾಸನೆಯೂ ಇರುತ್ತದೆ. ಬ್ಯೂನಸ್ ಐರಿಸ್‌ನ ಸಂಶೋಧಕರು ನಮ್ಮ ಗೊದ್ದದ ಕುಲದ್ದೇ ಆದ ಒಂದು ಇರುವೆಯಲ್ಲಿ ಇದನ್ನು ನೋಡಿದರು. ಒಂದು ಇರುವೆಗೆ ವಾಸನೆ ಬೆರೆಸಿದ ಸಕ್ಕರೆ ನೀರು ಕುಡಿಸಿದರು. ಅದು ಬಾಯಿಂದ ಬಾಯಿಗೆ ಇನ್ನೊಂದಕ್ಕೆ ಉಣಿಸಿತು. ಆಮೇಲೆ ಉಂಡ ಇರುವೆಯನ್ನು ಎರಡು ದಾರಿಗಳ ಕವಲಿಗೆ ಬಿಟ್ಟರು. ತಾನು ಎಂದೂ ಹೊರಗೆ ನೋಡದ ಆ ಆಹಾರದ ವಾಸನೆ ಇದ್ದ ಕಡೆಗೇ ಅದು ಹೆಚ್ಚಾಗಿ ಹೋಯಿತು. ಇದು 2009ರಲ್ಲಿ ಪ್ರಕಟವಾಯಿತು. ತುತ್ತು ಕೊಡುವುದೂ ಪಾಠ ಹೇಳುವುದೂ ಇಲ್ಲಿ ಒಂದೇ ಕೆಲಸ. ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಗೂಡಿನ ಕತ್ತಲಲ್ಲಿ ಕೂತ ಇರುವೆಗೆ ನಿಮ್ಮ ಮನೆಯ ಬೆಲ್ಲ ಹೇಗಿರುತ್ತದೆ ಎಂದು ಗೊತ್ತಿರುತ್ತದೆ.

ಕಾಳು ಒಯ್ಯುವ ಇರುವೆಗಳದು ಬೇರೆ ರೀತಿ. ರಾಗಿ ಬಿತ್ತಿದ ಮೇಲೆ ಹೊಲದ ಬದುವಿನಲ್ಲಿ ನೀವೂ ನೋಡಿರುತ್ತೀರಿ, ಗೂಡಿನ ಬಾಯಿ ಸುತ್ತ ಹೊಟ್ಟಿನ ಬಳೆ ಬಿದ್ದಿರುತ್ತದೆ. ಕಾಳನ್ನು ಬಾಯಿಂದ ಬಾಯಿಗೆ ಕೊಡಲಾಗುವುದಿಲ್ಲ. ಹಾಗಾದರೆ ಒಳಗಿನವರಿಗೆ ಹೊರಗೆ ಕಾಳಿದೆ ಎಂದು ಹೇಗೆ ಗೊತ್ತಾಗುತ್ತದೆ? ಅಮೆರಿಕದ ಮರುಭೂಮಿಯ ಕಾಳಿರುವೆಗಳ ಮೇಲೆ ಡೆಬೊರಾ ಗಾರ್ಡನ್ ಅವರ ತಂಡ ಒಂದು ಚಂದದ ಪ್ರಯೋಗ ಮಾಡಿತು. ಸಣ್ಣ ಗಾಜಿನ ಮಣಿಗಳಿಗೆ ಕಾಳು ತರುವ ಇರುವೆಯ ಮೈವಾಸನೆ ಹಚ್ಚಿ ಗೂಡಿನೊಳಗೆ ಹಾಕಿದರು. ಕೆಲವಕ್ಕೆ ಕಾಳಿನ ವಾಸನೆ ಮಾತ್ರ ಹಚ್ಚಿದರು. ಕೆಲವಕ್ಕೆ ಎರಡೂ. ಎರಡೂ ಒಟ್ಟಿಗೆ ಇದ್ದಾಗ ಮಾತ್ರ ಒಳಗಿನ ಇರುವೆಗಳು ಎದ್ದು ಹೊರಟವು. ಕಾಳಿನ ವಾಸನೆ ಇದ್ದರೆ ಸಾಲದು, ತಂದವರು ನಮ್ಮವರೇ ಆಗಿರಬೇಕು. ನಮ್ಮವರು ಬಂದರೂ ಸಾಲದು, ಕೈಯಲ್ಲಿ ಕಾಳಿರಬೇಕು.

ಹಲಸಿಗೆ ಹೆಸರಾದ ಚೇಳೂರಿನ ಕಡೆಯವರು ಅಂದಿರಿ, ಹಲಸಿನ ಮಾತು ಬಿಡಲಾಗದು. ಹಣ್ಣು ಕೊಯ್ದಿಟ್ಟ ಸ್ವಲ್ಪ ಹೊತ್ತಿಗೇ ಇರುವೆ ಬರುತ್ತವಲ್ಲ, ಅಲ್ಲಿ ನೆಲದ ದಾರಿಗಿಂತ ಮೊದಲು ಕೆಲಸ ಮಾಡುವುದು ಗಾಳಿ. ಗಾಳಿ ಬೀಸುವ ದಿಕ್ಕಿಗೆ ವಾಸನೆ ಹರಡುತ್ತದೆ, ಇರುವೆ ಗಾಳಿಗೆ ಎದುರಾಗಿ ನಡೆದು ಹಣ್ಣು ಮುಟ್ಟುತ್ತದೆ. ಟುನೀಸಿಯಾದ ಉಪ್ಪಿನ ಬಯಲಿನ ಇರುವೆಯಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಅಲ್ಲಿ ನೆಲ ಕಾದ ಹಂಚಿನ ಹಾಗಿರುತ್ತದೆ, ದಾರಿಯ ವಾಸನೆ ಹಚ್ಚಿದರೂ ಉಳಿಯಲಾರದು. ಅದಕ್ಕೇ ಅವು ಸಾಲು ಕಟ್ಟುವುದಿಲ್ಲ, ಒಂಟಿಯಾಗಿ ಹೋಗಿ ಬಿಸಿಲಿಗೆ ಸತ್ತ ಹುಳುಗಳನ್ನು ಹುಡುಕುತ್ತವೆ. ಈ ಇರುವೆ ಆಹಾರದ ವಾಸನೆಯನ್ನು ಒಂದೇ ಸಲಕ್ಕೆ ಕಲಿಯುತ್ತದೆ. 14 ಬೇರೆ ಬೇರೆ ವಾಸನೆ ಕಲಿಸಿದರೂ ಅಷ್ಟನ್ನೂ ನೆನಪಿಟ್ಟಿತು, ಮೂರು ವಾರ ದಾಟಿದರೂ ಮರೆಯಲಿಲ್ಲ. ಆದರೆ ಗೂಡಿನ ಬಾಯಿಯ ಗುರುತಾಗಿ ಕೊಟ್ಟ ವಾಸನೆಯನ್ನು ಕಲಿಯಲು ಅದಕ್ಕೆ ಹಲವು ಪಾಠ ಬೇಕಾಯಿತು, ಗುರುತು ತೆಗೆದ ಮೇಲೆ ಬೇಗ ಮರೆಯಿತು. ಯೋಚಿಸಿದರೆ ಸರಿಯಾಗೇ ಇದೆ. ಒಮ್ಮೆ ತಿನ್ನಲು ಸಿಕ್ಕಿದ್ದು ಮತ್ತೆ ಸಿಗಬಹುದು, ಅದನ್ನು ಮರೆಯಬಾರದು. ಮನೆಯ ಗುರುತು ಬದಲಾದ ಮೇಲೂ ಹಳೆಯದನ್ನೇ ಹಿಡಿದು ಕೂತರೆ ಬಿಸಿಲಲ್ಲಿ ಸಾಯಬೇಕಾಗುತ್ತದೆ.

ಇದೆಲ್ಲ ಹೊರದೇಶದ ಕೆಲಸ ಎಂದು ನಿಮ್ಮ ಮಗ ಅಂದುಕೊಳ್ಳುವುದು ಬೇಡ. ನಮ್ಮ ಕಡೆ ಮಳೆಗಾಲದಲ್ಲಿ ಗೆದ್ದಲು ಬೇಟೆಗೆ ದಂಡು ಕಟ್ಟಿ ಹೊರಡುವ ಕರಿ ಇರುವೆಗಳಿವೆ. ಆ ದಂಡಿನ ದಾರಿಗಳು ಮರದ ಕೊಂಬೆಯ ಹಾಗೆ ಕವಲೊಡೆಯುತ್ತವೆ. ಅವು ಯಾಕೆ ಹಾಗೆ ಕವಲೊಡೆಯುತ್ತವೆ ಎಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೆ. ಎನ್. ಗಣೇಶಯ್ಯನವರು ತಮ್ಮ ಸಹೋದ್ಯೋಗಿಯೊಂದಿಗೆ 1991ರಲ್ಲಿ ಪ್ರಬಂಧ ಬರೆದರು. ಹೌದು, ಕನ್ನಡದಲ್ಲಿ ಕಾದಂಬರಿ ಬರೆಯುವ ಗಣೇಶಯ್ಯನವರೇ. ಆ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯ ಹೊಲಕ್ಕೂ ನಿಮ್ಮ ಹಿತ್ತಲಿಗೂ ಅಂಥ ದೂರವೇನಿಲ್ಲ.

ಇನ್ನು ಅರಿಶಿನ. ತಡೆಯುತ್ತದೆ, ಸ್ವಲ್ಪ ಹೊತ್ತು. ಗೆರೆ ದಾರಿಯ ವಾಸನೆಯನ್ನು ಮುಚ್ಚುತ್ತದೆ. ಜೊತೆಗೆ ಸಡಿಲ ಪುಡಿಯ ಮೇಲೆ ನಡೆಯಲು ಇರುವೆಗೆ ಹಿತವಾಗುವುದಿಲ್ಲ, ಮೀಸೆಗೆ ಕಾಲಿಗೆ ಅಂಟುತ್ತದೆ. ಆಗ ಹೊಸಬರು ಹಿಂದಿರುಗುತ್ತಾರೆ. ಆದರೆ ಬೆಲ್ಲ ಅಲ್ಲೇ ಇದ್ದರೆ ನೆನಪಿರುವ ಯಾವುದೋ ಇರುವೆ ಸುತ್ತು ಹಾಕಿ ಹೊಸ ದಾರಿ ಹುಡುಕುತ್ತದೆ, ಅದು ಹಚ್ಚಿದ ಮೇಲೆ ಮತ್ತೆ ಸಾಲು. ಅಂಗಡಿಯ ಇರುವೆ ಚಾಕ್ ಅರಿಶಿನದ ಹಾಗಲ್ಲ, ಅದರಲ್ಲಿ ಕೀಟನಾಶಕ ಇರುತ್ತದೆ. ಪಾತ್ರೆ ಇಡುವ ಜಾಗದಲ್ಲಿ ಅದರ ಗೆರೆ ಎಳೆಯಲೇಬೇಡಿ. ನಮ್ಮಜ್ಜಿಯ ಉಪಾಯ ಈಗಲೂ ನನಗೆ ಎಲ್ಲಕ್ಕಿಂತ ಮೇಲು: ಅಗಲ ತಟ್ಟೆಗೆ ನೀರು ಹಾಕಿ ನಡುವೆ ಡಬ್ಬಿ ಇಡುವುದು. ದಾರಿಯ ವಾಸನೆ ನೀರಿನ ಮೇಲೆ ನಿಲ್ಲುವುದಿಲ್ಲ, ನೆನಪಿದ್ದು ಬಂದ ಇರುವೆಯೂ ದಡದಲ್ಲೇ ಉಳಿಯುತ್ತದೆ. ನಾಲ್ಕೈದು ದಿನ ಬೆಲ್ಲ ಸಿಗದಿದ್ದರೆ ಹಳೆಯ ನೆನಪಿನವೂ ಬರುವುದು ಬಿಡುತ್ತವೆ. ನೀರಿನ ಮೇಲೆ ಧೂಳಿನ ಪೊರೆ ಕಟ್ಟಿದರೆ ಸಣ್ಣ ಇರುವೆ ಅದರ ಮೇಲೇ ನಡೆದು ದಾಟುತ್ತದೆ, ಆದ್ದರಿಂದ ದಿನಾ ನೀರು ಬದಲಾಯಿಸಿ.

ಕಾಟ ಮಿತಿ ಮೀರಿದರೆ ಸಕ್ಕರೆ ನೀರಿಗೆ ಬೋರಿಕ್ ಆಸಿಡ್ ಬೆರೆಸಿ ಇಡುವವರಿದ್ದಾರೆ. ಇದರಲ್ಲಿ ಜನ ಒಂದು ತಪ್ಪು ಮಾಡುತ್ತಾರೆ, ಬೇಗ ಸಾಯಲಿ ಎಂದು ಜಾಸ್ತಿ ಹಾಕುತ್ತಾರೆ. ಜಾಸ್ತಿ ಹಾಕಿದರೆ ಇರುವೆ ಕುಡಿಯುವುದೇ ಕಡಿಮೆಯಾಗುತ್ತದೆ, ಕುಡಿದದ್ದೂ ಹಂಚುವ ಮೊದಲೇ ಸಾಯುತ್ತದೆ. ನೂರು ಪಾಲಿಗೆ ಒಂದು ಪಾಲು ಮೀರಬಾರದು. ಮಕ್ಕಳು, ನಾಯಿ, ಕೋಳಿ ಮುಟ್ಟದ ಜಾಗದಲ್ಲಿ ಮಾತ್ರ ಇಡಬೇಕು. ಇರುವೆಗಳು ಕೆಟ್ಟದ್ದನ್ನೂ ಕಲಿಯುತ್ತವೆ ಎಂಬುದು ನೆನಪಿರಲಿ. ದಕ್ಷಿಣ ಅಮೆರಿಕದ ಎಲೆ ಕತ್ತರಿಸುವ ಇರುವೆಗಳು ಎಲೆ ಹಾಕಿ ಬೂಸ್ಟು ಬೆಳೆಸಿ ತಿನ್ನುತ್ತವೆ. ಅವಕ್ಕೆ ಬೂಸ್ಟಿಗೆ ಆಗದ ಔಷಧಿ ಹಾಕಿದ ಎಲೆ ಕೊಟ್ಟರು. ಇರುವೆಗೆ ಆ ಔಷಧಿಯಿಂದ ಏನೂ ಆಗುವುದಿಲ್ಲ, ಮೊದಲು ಒಯ್ದವು. ಬೂಸ್ಟು ಬಾಡಿದ್ದು ಗೊತ್ತಾದ ಮೇಲೆ ಆ ಜಾತಿಯ ಎಲೆಯನ್ನೇ ಮುಟ್ಟಲಿಲ್ಲ. ಔಷಧಿ ಇಲ್ಲದ ಒಳ್ಳೆ ಎಲೆ ಕೊಟ್ಟರೂ ವಾರಗಟ್ಟಲೆ ಬೇಡ ಎಂದವು.

ನಿಮ್ಮ ಅಡುಗೆಮನೆಯ ಇರುವೆ ಯಾವ ಜಾತಿ ಎಂದು ತಿಳಿಯಲು ಒಂದನ್ನು ಬೆರಳ ನಡುವೆ ಹಿಸುಕಿ ಮೂಸಿ ನೋಡಿ. ತಲೆ ಕಪ್ಪು, ಹೊಟ್ಟೆ ಕಾಲು ಮಾಸಲು ಬಿಳಿ ಇದ್ದು, ಕೊಳೆತ ತೆಂಗಿನಕಾಯಿಯ ವಾಸನೆ ಬಂದರೆ ಅದು ಟ್ಯಾಪಿನೋಮ. ನಮ್ಮ ಜಿಲ್ಲೆಯವರಿಗೆ ಆ ವಾಸನೆಯ ಪರಿಚಯ ಹೇಳಿಕೊಡಬೇಕಾಗಿಲ್ಲ.

ಕೊನೆಗೆ, ನಿಮ್ಮ ಮಗನಿಗೆ ಒಂದು ಕೆಲಸ. ಹಿತ್ತಲಲ್ಲಿ ಗೊದ್ದದ ಗೂಡೊಂದನ್ನು ಗುರುತು ಮಾಡಿಕೊಳ್ಳಲಿ. ಬಿಸಿಲಿಳಿದ ಮೇಲೆ ಅವುಗಳ ಓಡಾಟ ಜಾಸ್ತಿ. ಒಂದು ಲೋಟ ಸಕ್ಕರೆ ನೀರಿಗೆ ಒಂದು ಏಲಕ್ಕಿ ಜಜ್ಜಿ ಹಾಕಿ ಸೋಸಿ, ಬಾಟಲಿಯ ಮುಚ್ಚಳದಲ್ಲಿ ತುಂಬಿ, ಗೂಡಿನಿಂದ ಒಂದು ಮಾರು ದೂರ ಇಡಲಿ. ಎರಡು ಸಂಜೆ ಅದನ್ನೇ ಕುಡಿಯಲಿ. ಮೂರನೇ ಸಂಜೆ ಗೂಡಿನ ಇನ್ನೊಂದು ಬದಿಗೆ ಎರಡು ಹೊಸ ಮುಚ್ಚಳ ಇಡಬೇಕು, ಒಂದರಲ್ಲಿ ಏಲಕ್ಕಿಯ ಸಕ್ಕರೆ ನೀರು, ಇನ್ನೊಂದರಲ್ಲಿ ಪನ್ನೀರು ಬೆರೆಸಿದ ಸಕ್ಕರೆ ನೀರು. ಸಿಹಿ ಎರಡರಲ್ಲೂ ಒಂದೇ ಅಳತೆ. ಬೇರೆ ಬದಿಗೆ ಯಾಕೆ ಅಂದರೆ, ಹಳೆ ಜಾಗದಲ್ಲಿಟ್ಟರೆ ದಾರಿಯ ವಾಸನೆಯೂ ಜಾಗದ ನೆನಪೂ ಸೇರಿಕೊಂಡು ಲೆಕ್ಕ ಕೆಡುತ್ತದೆ. ಮೊದಲ ಹತ್ತು ನಿಮಿಷ ಮಾತ್ರ ಎಣಿಸಲಿ. ಆಮೇಲೆ ಹೊಸ ಸಾಲು ಹುಟ್ಟಿ, ಇರುವೆಗಳು ಕಲಿತದ್ದನ್ನು ಬಿಟ್ಟು ಸಾಲನ್ನೇ ಹಿಡಿಯಬಹುದು.

ಏಲಕ್ಕಿ ಅವಕ್ಕೆ ಮೊದಲಿನಿಂದಲೇ ಇಷ್ಟವಿದ್ದರೆ? ಒಳ್ಳೆ ಹುಡುಗ ಈ ಪ್ರಶ್ನೆ ಕೇಳೇ ಕೇಳುತ್ತಾನೆ. ಅದಕ್ಕೆ ದೂರದಲ್ಲಿರುವ ಇನ್ನೊಂದು ಗೂಡಿಗೆ ಮೊದಲು ಪನ್ನೀರು ಕಲಿಸಿ, ಅದೇ ರೀತಿ ಎರಡು ಮುಚ್ಚಳ ಇಟ್ಟು ನೋಡಲಿ. ಲವಂಗ ಮಾತ್ರ ಬಳಸಬೇಡಿ, ಅದರ ಎಣ್ಣೆಗೆ ಇರುವೆ ಹತ್ತಿರವೇ ಸುಳಿಯುವುದಿಲ್ಲ. ಮಳೆ ಬಂದ ದಿನವೂ ಬೇಡ. ಯಾವ ಮುಚ್ಚಳಕ್ಕೆ ಎಷ್ಟು ಬಂದವು ಎಂದು ಅವನ ಕೈಯಲ್ಲೇ ಬರೆಸಿ ನನಗೆ ಕಳಿಸಿ.